ಜಟಾಯುವಿನ ಅಣುವ್ರತ ಮತ್ತು ಪರಸ್ಪರೋಪಗ್ರಹ: ಒಂದು ವಿಮರ್ಶೆ

ಜೈನ ರಾಮಕಥೆಗಳನ್ನು ಬಲ್ಲವರಿಗೆ ಜಟಾಯುವಿನ ಪ್ರಸಂಗ ಹೊಸದಲ್ಲ. ದಂಡಕಾರಣ್ಯದಲ್ಲಿ ರಾಮ-ಸೀತೆಯರು ಇಬ್ಬರು ಮುನಿಗಳಿಗೆ ಆಹಾರದಾನ ಮಾಡುತ್ತಾರೆ. ಅದನ್ನು ಕಂಡ ರಣಹದ್ದೊಂದಕ್ಕೆ ಜಾತಿಸ್ಮರಣೆಯುಂಟಾಗುತ್ತದೆ. ಹಿಂದಿನ ಭವದಲ್ಲಿ ಅದು ದಂಡಕನೆಂಬ ಅರಸನಾಗಿದ್ದು ಮುನಿಸಂಘಕ್ಕೆ ಘೋರ ಉಪಸರ್ಗವನ್ನೊಡ್ಡಿದ ಜೀವ. ಮುನಿಗಳ ಸಾನ್ನಿಧ್ಯದಲ್ಲಿ ಅದರ ಮೈ ರತ್ನದಂತೆ ಹೊಳೆಯತೊಡಗುತ್ತದೆ. ಉಪದೇಶವನ್ನು ಕೇಳಿ ಅದು ಶ್ರಾವಕವ್ರತವನ್ನು ಸ್ವೀಕರಿಸುತ್ತದೆ. ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’, 7ನೆಯ ಶತಮಾನದ ರವಿಷೇಣಾಚಾರ್ಯರ ‘ಪದ್ಮಪುರಾಣ’, 12ನೆಯ ಶತಮಾನದ ಹೇಮಚಂದ್ರಾಚಾರ್ಯರ ‘ತ್ರಿಷಷ್ಟಿಶಲಾಕಾಪುರುಷಚರಿತ’ ಇವುಗಳಲ್ಲಿ ವಿವರಗಳು ಬೇರೆಯಾದರೂ ತಿರುಳು ಒಂದೇ. ಕನ್ನಡದ ‘ರಾಮಚಂದ್ರಚರಿತಪುರಾಣ’ವನ್ನು ರಚಿಸಿದ ನಾಗಚಂದ್ರನೂ ವಿಮಲಸೂರಿಯ ಪರಂಪರೆಗೆ ಸೇರಿದವನೇ.

ಈ ಪ್ರಸಂಗವನ್ನು ಜೈನರ ಪ್ರಕೃತಿಪ್ರೇಮಕ್ಕೆ ನಿದರ್ಶನವೆಂದು ಉದಾಹರಿಸುವ ವಾಡಿಕೆಯಿದೆ. ವಾಲ್ಮೀಕಿಯಲ್ಲಿ ಜಟಾಯು ದಶರಥನ ಮಿತ್ರ, ಪಕ್ಷಿರಾಜ. ಜೈನ ಕವಿಗಳಲ್ಲಿಯಾದರೋ ಆತ ವ್ರತಧಾರಿ. ತಿರ್ಯಂಚ ಜೀವಕ್ಕೂ ದೇಶಸಂಯಮ ಸಾಧ್ಯವೆಂಬ ಸಿದ್ಧಾಂತವು ಇಲ್ಲಿ ಕಥೆಯ ರೂಪ ತಾಳಿದೆ. ಪಕ್ಷಿಗೆ ಇಷ್ಟು ಗೌರವವನ್ನು ಕೊಟ್ಟ ಸಾಹಿತ್ಯಗಳು ವಿರಳ ಎಂಬ ಮಾತು ಅತಿಶಯೋಕ್ತಿಯಲ್ಲ. ಆದರೆ ಗೌರವ ಸಂದಿರುವುದು ಯಾವುದಕ್ಕೆ ಎಂಬುದು ವಿಚಾರಾರ್ಹ. ಹೇಮಚಂದ್ರರ ಜಟಾಯು ಜೀವವಧೆ, ಮಾಂಸಾಹಾರ, ರಾತ್ರಿಭೋಜನ ಇವನ್ನು ತೊರೆಯುತ್ತಾನೆ. ಎಂದರೆ ರಣಹದ್ದು ರಣಹದ್ದಿನ ವೃತ್ತಿಯನ್ನು ಬಿಟ್ಟ ಮೇಲೆಯೇ ಅದಕ್ಕೆ ಕಾವ್ಯದಲ್ಲಿ ಹೆಸರು, ಸ್ಥಾನ, ಕೊನೆಗೆ ದೇವಗತಿ. ಕಾಡಿನಲ್ಲಿ ಉಳಿದ ಹದ್ದುಗಳು ಏನು ತಿನ್ನುತ್ತಿದ್ದವು, ಅವು ತಿನ್ನದಿದ್ದರೆ ಏನಾಗುತ್ತಿತ್ತು ಎಂಬುದು ಪುರಾಣದ ಆಸಕ್ತಿಯಲ್ಲ.

ಇದನ್ನು ಕವಿಗಳ ದೋಷವೆನ್ನುವಂತಿಲ್ಲ. ರಣಹದ್ದು ಕೊಲ್ಲುವುದಿಲ್ಲ, ಸತ್ತದ್ದನ್ನು ತಿನ್ನುತ್ತದೆ, ಆದ್ದರಿಂದ ನಿರ್ದೋಷಿ ಎಂದು ಆಧುನಿಕರು ಸುಲಭವಾಗಿ ಹೇಳಿಬಿಡುತ್ತಾರೆ. ಜೈನ ಆಚಾರಶಾಸ್ತ್ರ ಅದನ್ನು ಒಪ್ಪದು. ತಾನಾಗಿ ಸತ್ತ ಎತ್ತು, ಎಮ್ಮೆಗಳ ಮಾಂಸದಲ್ಲಿಯೂ ನಿಗೋದ ಜೀವಗಳ ಹಿಂಸೆಯಿದೆಯೆಂದು ಅಮೃತಚಂದ್ರಾಚಾರ್ಯರ ‘ಪುರುಷಾರ್ಥಸಿದ್ಧ್ಯುಪಾಯ’ ಖಚಿತವಾಗಿ ನುಡಿದಿದೆ. ಶ್ರಾವಕನಾದ ಹಕ್ಕಿ ಹೆಣವನ್ನು ಮುಟ್ಟುವಂತಿರಲಿಲ್ಲ. ತೊಡಕು ಇರುವುದು ಪುರಾಣದಲ್ಲಲ್ಲ. ಒಂದು ಜೀವದ ಆತ್ಮೋನ್ನತಿಯ ಕಥೆಯನ್ನು ಜೀವಗಳ ಪರಸ್ಪರ ಅವಲಂಬನೆಯ ಕಥೆಯೆಂದು ಓದುವ ಇಂದಿನ ಲೇಖನ, ಭಾಷಣಗಳಲ್ಲಿ.

ಅವಲಂಬನೆಯ ವಿಚಾರಕ್ಕೆ ಆಕರ ಬೇರೆಯೇ ಇದೆ. ಅದು ‘ತತ್ತ್ವಾರ್ಥಸೂತ್ರ’ದ ಐದನೆಯ ಅಧ್ಯಾಯದಲ್ಲಿ ಪರಸ್ಪರೋಪಗ್ರಹವನ್ನು ಹೇಳುವ 21ನೆಯ ಸೂತ್ರ. ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ವರ್ಷದಲ್ಲಿ, ಎಂದರೆ 1974-75ರಲ್ಲಿ, ಸಮಸ್ತ ಜೈನರ ಲಾಂಛನದ ಕೆಳಗೆ ಈ ಸೂತ್ರವನ್ನು ಬರೆಯಲಾಯಿತು. 1990ರಲ್ಲಿ ಡಾ. ಎಲ್. ಎಂ. ಸಿಂಘ್ವಿಯವರು ಸಿದ್ಧಪಡಿಸಿದ ಪ್ರಕೃತಿಯನ್ನು ಕುರಿತ ಜೈನ ಘೋಷಣೆಯೂ ಇದನ್ನೇ ಆಧಾರವಾಗಿಟ್ಟುಕೊಂಡು, ಸಕಲ ಜೀವರಾಶಿ ಒಂದಕ್ಕೊಂದು ಆಸರೆಯಾಗಿ ಬಾಳುತ್ತದೆಂಬ ಅರ್ಥವನ್ನು ಜಗತ್ತಿನ ಮುಂದಿಟ್ಟಿತು. ಆ ಘೋಷಣೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅದರ ವ್ಯಾಖ್ಯಾನದಲ್ಲಿ ಸೂತ್ರದ ಒಂದು ಮುಖ ಮಾತ್ರ ಕಾಣುತ್ತದೆ.

ಕರ್ನಾಟಕದವರೇ ಆದ ಪೂಜ್ಯಪಾದಾಚಾರ್ಯರು ‘ಸರ್ವಾರ್ಥಸಿದ್ಧಿ’ಯಲ್ಲಿ ಈ ಸೂತ್ರಕ್ಕೆ ಕೊಡುವ ದೃಷ್ಟಾಂತಗಳು ಒಡೆಯ ಮತ್ತು ಸೇವಕ, ಗುರು ಮತ್ತು ಶಿಷ್ಯ. ಒಡೆಯ ಧನವನ್ನು ಕೊಡುತ್ತಾನೆ. ಸೇವಕ ಹಿತವನ್ನು ಮಾಡಿ ಅಹಿತವನ್ನು ತಡೆಯುತ್ತಾನೆ. ಇಲ್ಲಿಗೇ ನಿಂತಿದ್ದರೆ ಇದು ಬರಿಯ ಸೌಹಾರ್ದದ ಚಿತ್ರವಾಗುತ್ತಿತ್ತು. ಪೂಜ್ಯಪಾದರು ಇನ್ನೊಂದು ಪ್ರಶ್ನೆಯನ್ನು ಎತ್ತುತ್ತಾರೆ: ಹಿಂದಿನ ಸೂತ್ರಗಳಲ್ಲಿಯೇ ‘ಉಪಗ್ರಹ’ ಪದ ಬಂದಿರುವಾಗ ಇಲ್ಲಿ ಮತ್ತೆ ಅದನ್ನು ಹೇಳಿದ್ದೇಕೆ? ಅದಕ್ಕೆ ಸಮಾಧಾನವೆಂದರೆ, ಹಿಂದಿನ ಸೂತ್ರವು ಪುದ್ಗಲದ ಉಪಗ್ರಹವೆಂದು ಎಣಿಸಿದ ಸುಖ, ದುಃಖ, ಜೀವಿತ, ಮರಣ ಈ ನಾಲ್ಕೂ ಜೀವಗಳ ನಡುವೆಯೂ ಸಲ್ಲುತ್ತವೆ ಎಂದು ತೋರಿಸುವುದಕ್ಕಾಗಿ. ಒಂದು ಜೀವ ಇನ್ನೊಂದರ ಸುಖಕ್ಕೆ ನಿಮಿತ್ತವಾಗುವಂತೆ ದುಃಖಕ್ಕೂ, ಬಾಳಿಗೆ ನಿಮಿತ್ತವಾಗುವಂತೆ ಸಾವಿಗೂ ನಿಮಿತ್ತವಾಗುತ್ತದೆ. ಲಾಂಛನದ ಕೆಳಗೆ ಹಿತವಾಗಿ ಕಾಣುವ ಸೂತ್ರದಲ್ಲಿ ಇಷ್ಟು ಕಠಿನವಾದ ಮಾತು ಅಡಗಿದೆ. ಪರಸ್ಪರತೆ ಒಂದು ಸದ್ಗುಣವಲ್ಲ, ವಸ್ತುಸ್ಥಿತಿ. ಅದನ್ನು ಯಾರೂ ಆರಿಸಿಕೊಳ್ಳುವುದಿಲ್ಲ, ಬಿಟ್ಟುಕೊಡಲೂ ಆಗುವುದಿಲ್ಲ.

ಹೀಗೆ ಓದಿದಾಗ ಜಟಾಯುವಿನ ಕಥೆಯಲ್ಲಿಯೇ, ಸಾಮಾನ್ಯವಾಗಿ ಯಾರೂ ಉದಾಹರಿಸದ ಒಂದು ಭಾಗ ಮಹತ್ತ್ವದ್ದಾಗುತ್ತದೆ. ಸೀತೆಯನ್ನು ಕಾಪಾಡಲು ಹೋಗಿ ನೆಲಕ್ಕುರುಳಿದ ಹಕ್ಕಿಯ ಕಿವಿಯಲ್ಲಿ ರಾಮ ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಸ್ವರ್ಗದಲ್ಲಿ ಹುಟ್ಟುತ್ತದೆ. ಎಷ್ಟೋ ಕಾಲದ ಅನಂತರ ಲಕ್ಷ್ಮಣ ಸಾಯುತ್ತಾನೆ. ರಾಮ ಅದನ್ನು ನಂಬದೆ ತಮ್ಮನ ಶವವನ್ನು ಹೊತ್ತು ತಿರುಗುತ್ತಾನೆ. ಆಗ ದೇವನಾದ ಜಟಾಯು ಮತ್ತೊಬ್ಬ ದೇವನೊಡನೆ ಬಂದು, ಒಣಮರಕ್ಕೆ ನೀರೆರೆಯುವಂಥ ಹುಚ್ಚು ಕೆಲಸಗಳನ್ನು ಎದುರಿಗೆ ತೋರಿಸಿ ಅವನ ಮೋಹವನ್ನು ಬಿಡಿಸುತ್ತಾನೆ. ಹೆಣವನ್ನು ಹೆಣವೆಂದು ಗುರುತಿಸುವ ಅರಿವನ್ನು ಬಲದೇವನಿಗೆ ತಂದುಕೊಟ್ಟದ್ದು ಹಿಂದೊಮ್ಮೆ ರಣಹದ್ದಾಗಿದ್ದ ಜೀವ! ಕವಿಗಳು ಇದನ್ನು ಉದ್ದೇಶಿಸಿದರೋ ಇಲ್ಲವೋ, ಉಪಗ್ರಹದ ಋಣ ಸಂದಾಯವಾದದ್ದು ಇಲ್ಲಿ.

ಇನ್ನು ಲೋಕದ ರಣಹದ್ದುಗಳ ವಿಷಯ. 1980ರ ದಶಕದವರೆಗೆ ಬಿಳಿ ಬೆನ್ನಿನ ರಣಹದ್ದು ಭಾರತದಲ್ಲಿ ಎಲ್ಲೆಲ್ಲೂ ಕಾಣುವ ಹಕ್ಕಿಯಾಗಿತ್ತು. ದನದ ಹೆಣವನ್ನು ಹದ್ದುಗಳ ಹಿಂಡೊಂದು ಅಲ್ಪಕಾಲದಲ್ಲಿ ಎಲುಬಿನ ಹಂದರವಾಗಿಸುತ್ತಿತ್ತು. ಹಳ್ಳಿಗಳು ಹೆಣವನ್ನು ಊರಾಚೆ ಹಾಕಿ ನಿಶ್ಚಿಂತರಾಗಿರುತ್ತಿದ್ದವು. 1990ರ ದಶಕದಲ್ಲಿ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಡಾ. ವಿಭು ಪ್ರಕಾಶ್ ಅವರು ಇವುಗಳ ಕುಸಿತವನ್ನು ಗುರುತಿಸಿದರು. 1992ರಿಂದ 2007ರೊಳಗೆ ಈ ಜಾತಿ ಶೇಕಡಾ 99ಕ್ಕೂ ಹೆಚ್ಚು ಅಳಿಯಿತು. ಉದ್ದ ಕೊಕ್ಕಿನ ರಣಹದ್ದು ಶೇಕಡಾ 97ರಷ್ಟು. ಕಾರಣ ತಿಳಿದದ್ದು 2004ರಲ್ಲಿ, ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರ ಸಂಶೋಧನೆಯಿಂದ. ದನಗಳ ನೋವು, ಬಾವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧ ಹೆಣದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷಯುಕ್ತವಾಗಿದ್ದರೂ ಈ ಪ್ರಮಾಣದ ನಾಶಕ್ಕೆ ಸಾಕೆಂದು ಲೆಕ್ಕ ತೋರಿಸಿತು. ವರ್ಷಕ್ಕೊಂದೇ ಮೊಟ್ಟೆ ಇಡುವ ಹಕ್ಕಿಗೆ ಆ ನಷ್ಟವನ್ನು ತುಂಬಿಕೊಳ್ಳುವ ಶಕ್ತಿಯಿಲ್ಲ.

ತಿನ್ನುವವರಿಲ್ಲದ ಹೆಣಗಳು ನಾಯಿಗಳ ಪಾಲಾದವು. ನಾಯಿಗಳು ಹೆಚ್ಚಿದಲ್ಲಿ ಹುಚ್ಚುನಾಯಿ ಕಡಿತದ ಭಯವೂ ಹೆಚ್ಚಿತು. ಕೊಳೆತ ಹೆಣಗಳಿಂದ ನೀರು ಕೆಟ್ಟಿತು. 2000ದಿಂದ 2005ರವರೆಗಿನ ಅವಧಿಯಲ್ಲಿ ಈ ಕಾರಣದಿಂದ ಸುಮಾರು ಐದು ಲಕ್ಷ ಹೆಚ್ಚುವರಿ ಮಾನವ ಮರಣಗಳು ಸಂಭವಿಸಿದವೆಂದು ಅರ್ಥಶಾಸ್ತ್ರಜ್ಞರಾದ ಏಯಲ್ ಫ್ರಾಂಕ್ ಮತ್ತು ಅನಂತ ಸುದರ್ಶನ್ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂದಾಜು ಮಾಡಿದ್ದಾರೆ. ಮುಂಬಯಿಯ ಪಾರಸಿಗಳ ಅಂತ್ಯಸಂಸ್ಕಾರದ ಪದ್ಧತಿಯೇ ಅಸ್ತವ್ಯಸ್ತವಾಯಿತು. ಪೂಜ್ಯಪಾದರು ಹೇಳಿದ ದುಃಖ ಮತ್ತು ಮರಣಗಳ ಉಪಗ್ರಹಕ್ಕೆ ಇದಕ್ಕಿಂತ ನಿಚ್ಚಳವಾದ ದೃಷ್ಟಾಂತ ದೊರೆಯುವುದು ಕಷ್ಟ.

ಈ ಪ್ರಕರಣ ಜೈನ ಸಮಾಜವನ್ನು ವಿಶೇಷವಾಗಿ ತಟ್ಟಬೇಕಾದುದು ಏಕೆಂದರೆ ಇದರ ಮೂಲದಲ್ಲಿರುವುದು ಕ್ರೌರ್ಯವಲ್ಲ, ಕರುಣೆ. ಮುದಿ ದನಗಳನ್ನು ಕಟುಕರಿಗೆ ಕೊಡದೆ ಕೊನೆಯುಸಿರಿನವರೆಗೆ ಸಾಕುವ ಪಿಂಜರಾಪೋಲುಗಳು ಜೈನ ಸಮಾಜದ ಹೆಮ್ಮೆಯ ಸಂಸ್ಥೆಗಳು. ನರಳುವ ಹಸುವಿಗೆ ನೋವಿನ ಔಷಧ ಕೊಡುವುದು ಅಲ್ಲಿ ಧರ್ಮಕಾರ್ಯವೇ. ಆದರೆ ಕೊನೆಯ ದಿನಗಳಲ್ಲಿ ಔಷಧ ಪಡೆದ ದನದ ಹೆಣವೇ ಹದ್ದುಗಳಿಗೆ ಅತ್ಯಂತ ಅಪಾಯಕರ. ತಿಳಿಯದೆ ಮಾಡಿದ್ದಕ್ಕೆ ಹಿಂಸೆಯ ದೋಷವುಂಟೇ ಎಂಬ ಪ್ರಶ್ನೆಗೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉತ್ತರವಿದೆ. ಅಲ್ಲಿ ಪ್ರಮಾದದಿಂದ ಉಂಟಾದ ಪ್ರಾಣಹಾನಿಯನ್ನೇ ಹಿಂಸೆಯೆಂದು ಲಕ್ಷಣೀಕರಿಸಲಾಗಿದೆ. 2004ಕ್ಕೆ ಮುಂಚೆ ಗೋಶಾಲೆಯವರಲ್ಲಿ ಪ್ರಮಾದವಿರಲಿಲ್ಲವೆಂದು ವಾದಿಸಬಹುದು. ಅನಂತರ ಆ ವಾದ ನಿಲ್ಲುವುದಿಲ್ಲ. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಈ ಔಷಧ ನಿಷೇಧವಾಯಿತು. ಮನುಷ್ಯರಿಗಾಗಿ ತಯಾರಾದ ದೊಡ್ಡ ಸೀಸೆಗಳು ದನಗಳಿಗೆ ಬಳಕೆಯಾಗುತ್ತಿದ್ದುದರಿಂದ 2015ರಲ್ಲಿ ಅವುಗಳನ್ನೂ ತಡೆಯಬೇಕಾಯಿತು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ ಪಶುಗಳಿಗೆ ನಿಷೇಧಿಸಲಾಯಿತು. ಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕಾಂ ಬಹಳ ಹಿಂದಿನಿಂದಲೇ ಲಭ್ಯವಿದೆ. ಹಸುವಿನ ನೋವು ಅಥವಾ ಹದ್ದಿನ ಪ್ರಾಣ ಎಂಬ ಆಯ್ಕೆಯ ಇಕ್ಕಟ್ಟೇ ಇಲ್ಲಿಲ್ಲ.

ಆದರೂ ಅಹಿಂಸೆ ಮತ್ತು ಪರಿಸರವನ್ನು ಕುರಿತ ಬರಹಗಳಲ್ಲಿ ಔಷಧದ ಸೀಸೆಗೆ ಎಡೆಯಿಲ್ಲ. ಮರ ನೆಡುವುದು, ನೀರು ಸೋಸುವುದು, ಜಟಾಯುವಿನ ಭಕ್ತಿ ಇವಕ್ಕೆ ಮಾತ್ರ ಎಡೆಯಿದೆ. ಗೋಶಾಲೆಯನ್ನು ನಡೆಸುವ ಟ್ರಸ್ಟುಗಳ ವಾರ್ಷಿಕ ವರದಿಗಳು ಎಷ್ಟು ದನಗಳನ್ನು ಸಾಕಲಾಯಿತು, ಎಷ್ಟು ಮೇವು ಖರ್ಚಾಯಿತು, ದಾನಿಗಳು ಯಾರು ಎಂಬುದನ್ನು ಮುದ್ರಿಸುವಾಗ, ಸತ್ತ ದನಕ್ಕೆ ಕೊನೆಯ ವಾರ ಕೊಟ್ಟ ಔಷಧ ಯಾವುದು, ಹೆಣ ಎಲ್ಲಿಗೆ ಹೋಯಿತು ಎಂಬ ಎರಡು ಅಂಕಣಗಳನ್ನು ಸೇರಿಸಿಕೊಳ್ಳಲು ಹೆಚ್ಚು ಕಾಗದ ಬೇಕಾಗದು. ಕರ್ನಾಟಕದಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಅಲ್ಲಿ ಉಳಿದ ಉದ್ದ ಕೊಕ್ಕಿನ ಹದ್ದುಗಳು ಬೆರಳೆಣಿಕೆಯಷ್ಟು. ಅವು ಗೂಡು ಕಟ್ಟುವುದು ಆ ಬಂಡೆಗಳಲ್ಲಿ. ಆಹಾರಕ್ಕಾಗಿ ಹಾರುವುದು ಧಾಮದ ಎಲ್ಲೆಯನ್ನು ದಾಟಿ ಹತ್ತಾರು ಮೈಲಿ ದೂರ, ದನ ಸತ್ತ ಕಡೆಗೆ.