ಜಲ್ಲಿದಿಣ್ಣೆಯ ಮೇಲೆ ಅವತರಣ

ಅಲಾಸ್ಕದ ನದಿಗಳಲ್ಲಿ ನೀರಿಳಿದಾಗ ಮೈದೋರುವ ಜಲ್ಲಿದಿಣ್ಣೆಗಳ ಮೇಲೆ ಸೂಪರ್ ಕಬ್ ಎಂಬ ಎರಡಾಸನದ ಪುಟ್ಟ ವಿಮಾನವನ್ನಿಳಿಸುವ ಚಾಲಕರ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ; ನನಗಾದರೋ ಅವರ ಸಂಶಯಬುದ್ಧಿಯೇ ಹೆಚ್ಚು ಶ್ಲಾಘ್ಯವಾಗಿ ತೋರುತ್ತದೆ.

1949ರಲ್ಲಿ ಬಳಕೆಗೆ ಬಂದ ಈ ವಿಮಾನವು ಗಂಟೆಗೆ ನಲವತ್ತೈದು ಮೈಲಿಯ ಆಸುಪಾಸಿನ ಮಂದಗತಿಯಲ್ಲಿಯೂ ಗಾಳಿಯಲ್ಲಿ ತೇಲಬಲ್ಲುದು. ಆದರೂ ಅದರ ಅಪಘಾತಗಳಲ್ಲಿ ಎಷ್ಟೋ ಸಂಭವಿಸುವುದು ಚಕ್ರಗಳು ಭೂಸ್ಪರ್ಶ ಮಾಡಿ, ಇನ್ನೇನು ಪಯಣ ಮುಗಿಯಿತೆಂದು ಚಾಲಕನ ಮನಸ್ಸು ಸಡಿಲವಾಗುವ ಹೊತ್ತಿನಲ್ಲಿ. ಬಾಲದಡಿ ಪುಟ್ಟ ಚಕ್ರವುಳ್ಳ ಇಂಥ ವಿಮಾನದಲ್ಲಿ ಗುರುತ್ವಕೇಂದ್ರವು ಮುಂಗಾಲಿಗಳೆರಡಕ್ಕೂ ಹಿಂದೆ ಇರುವುದರಿಂದ, ಒಂದು ಗಾಲಿ ಮೆದುಮರಳಿಗೆ ಸಿಲುಕಿ ಮೂತಿ ಕಿಂಚಿತ್ತು ಓರೆಯಾಯಿತೆಂದರೆ ಹಿಂದಿನ ಭಾರವೇ ಮುನ್ನುಗ್ಗಿ ಆ ಓರೆಯನ್ನು ಬೆಳೆಸಿ, ವಿಮಾನವನ್ನು ಗಿರ್ರನೆ ತಿರುಗಿಸಿ, ರೆಕ್ಕೆಯ ತುದಿಯನ್ನು ಕಲ್ಲಿಗೆ ಉಜ್ಜಿಬಿಡುತ್ತದೆ. ಎರಡು ಗಾಲಿಗಳೂ ಒಮ್ಮೆಗೇ ಹೂತರೆ, ಅಥವಾ ದಿಣ್ಣೆಯ ಅಂಚು ಸಮೀಪಿಸಿತೆಂಬ ಗಾಬರಿಯಲ್ಲಿ ಬ್ರೇಕನ್ನು ಬಲವಾಗಿ ಒತ್ತಿದರೆ, ಬಾಲವೆದ್ದು ಪ್ರೊಪೆಲರು ನೆಲಕ್ಕೆ ಬಡಿದು ವಿಮಾನ ಅಂಗಾತ ಮಗುಚುತ್ತದೆ.

ಹಳಬರು ಮೊದಲು ದಿಣ್ಣೆಯ ಮೇಲೆ ತಗ್ಗಾಗಿ ಹಾರಿ ನೋಡುತ್ತಾರೆ. ಬಳಿಕ ಭಾರವನ್ನು ರೆಕ್ಕೆಗಳ ಮೇಲೆಯೇ ಉಳಿಸಿಕೊಂಡು ಗಾಲಿಗಳನ್ನಷ್ಟೇ ನೆಲಕ್ಕೆ ಸೋಕಿಸಿ ಮೇಲೇಳುತ್ತಾರೆ. ತಿರುಗಿ ಬಂದು, ತಾವೇ ಮೂಡಿಸಿದ ಜಾಡು ಎಷ್ಟು ಆಳವಾಗಿದೆ, ಅದರಲ್ಲಿ ನೀರು ಒಸರಿದೆಯೇ ಎಂದು ಪರೀಕ್ಷಿಸುತ್ತಾರೆ. ಪ್ರತಿ ಪ್ರವಾಹವೂ ದಿಣ್ಣೆಯನ್ನು ಹೊಸದಾಗಿ ಕಟ್ಟುವುದರಿಂದ ಹೋದ ವರ್ಷದ ಪರಿಚಯವನ್ನು ಅವರು ನೆಚ್ಚುವುದಿಲ್ಲ. ಕಡಿಮೆ ಗಾಳಿ ತುಂಬಿದ, ಕುಂಬಳಕಾಯಿಯಂತೆ ಉಬ್ಬಿದ ಇಂದಿನ ದೊಡ್ಡ ಟೈರುಗಳು ಕಲ್ಲುಗಳನ್ನು ನುಂಗಿಕೊಳ್ಳುತ್ತವೆ, ನಿಜ. ಆದರೆ ಅವನ್ನು ತೊಡಿಸಿದವನು ಇಳಿಯಬಾರದ ನೆಲಕ್ಕೂ ಆಸೆಪಡತೊಡಗುತ್ತಾನೆಂಬುದು ನನ್ನ ದೂರು.

ಪರಿಚಿತ ನೆಲವೆಂಬ ಭರವಸೆ ಬಾಬ್ ರೀವ್‌ನಂಥ ನಿಪುಣನನ್ನೂ ವಂಚಿಸಿತು. ವಾಲ್ಡೀಜಿನ ಕೆಸರುಬಯಲಿನಿಂದ ಸ್ಕೀ ತೊಡಿಸಿದ ವಿಮಾನವನ್ನೇರಿಸಿ ಹಿಮನದಿಗಳ ಮೇಲಿಳಿಸುವುದರಲ್ಲಿ ಹೆಸರಾಗಿದ್ದ ಆತ, ಪರ್ವತಾರೋಹಿಗಳ ಸಾಮಗ್ರಿಯನ್ನು ತಾನೇ ಮುಂಚಿತವಾಗಿ ಇಳಿಸಿ ಬಂದಿದ್ದ ವಾಲ್ಶ್ ಹಿಮನದಿಗೆ 1937ರ ಜೂನ್‌ನಲ್ಲಿ ಬ್ರಾಡ್‌ಫರ್ಡ್ ವಾಷ್‌ಬರ್ನ್ ಮತ್ತು ರಾಬರ್ಟ್ ಬೇಟ್ಸರನ್ನು ಕರೆತಂದಾಗ, ಅಕಾಲದ ಬಿಸುಪಿಗೆ ನೀರುಗೂಡಿದ್ದ ಹಿಮದಲ್ಲಿ ವಿಮಾನ ಹೂತುಹೋಯಿತು. ಹಲವು ದಿನಗಳ ಅಗೆತ, ವಿಫಲ ಯತ್ನಗಳ ತರುವಾಯ ಆತ ಒಬ್ಬನೇ ಹೇಗೋ ಹಾರಿಹೋದ. ಮತ್ತೆ ಅಲ್ಲಿಗೆ ಬರಲೊಲ್ಲದಾದ. ಹೀಗಾಗಿ ಪರ್ವತಾರೋಹಿಗಳ ತಂಡದ ಉಳಿದಿಬ್ಬರಿಗೆ ಬರಲಾಗಲಿಲ್ಲ. ವಾಷ್‌ಬರ್ನ್, ಬೇಟ್ಸರು ಲುಕೇನಿಯಾ ಶಿಖರವನ್ನು ಪ್ರಪ್ರಥಮವಾಗಿ ಏರಿ, ನಿರ್ಜನಾರಣ್ಯವನ್ನು ಕಾಲ್ನಡೆಯಲ್ಲಿ ದಾಟಿ ಜನವಸತಿಯನ್ನು ಸೇರಿದರು.