ಕರಡಿನಲ್ಲೇ ಕಂಡ ಕರುಣೆ

‘ಸೆಲೆಸ್ಟ್’ ಎಂಬ ವಿಡಿಯೋ ಗೇಮಿನ ಮೊದಲ ರೂಪವನ್ನು ಕಳೆದ ವಾರ ಬ್ರೌಸರಿನಲ್ಲಿ ತೆರೆದು ಕೂತೆ. ಮೊದಲ ಪರದೆ ದಾಟುವಷ್ಟರಲ್ಲಿ ಹನ್ನೊಂದು ಸಲ ಸತ್ತಿದ್ದೆ. ಆದರೂ ಸಿಟ್ಟು ಬರಲಿಲ್ಲ. ಯಾಕೆ ಬರಲಿಲ್ಲ ಎಂಬ ಪ್ರಶ್ನೆಯೇ ಈ ಬರಹಕ್ಕೆ ಕಾರಣ.

2018ರಲ್ಲಿ ಬಂದ ಪೂರ್ಣ ‘ಸೆಲೆಸ್ಟ್’ ಹೆಸರುವಾಸಿ. ಆ ವರ್ಷದ ಅತ್ಯುತ್ತಮ ಸ್ವತಂತ್ರ ಆಟ ಎಂದು ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಗೆದ್ದದ್ದು. ನಾನು ಹೇಳುತ್ತಿರುವುದು ಅದರ ಕರಡನ್ನು ಕುರಿತು. ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ಇದನ್ನು ನಾಲ್ಕೇ ದಿನದಲ್ಲಿ ಮಾಡಿದರು. ಕೆಂಪು ಕೂದಲಿನ ಒಂದು ಪುಟ್ಟ ಜೀವ ಹಿಮದ ಬೆಟ್ಟ ಹತ್ತಬೇಕು. ಒಂದು ಪರದೆ ದಾಟಿದರೆ ನೂರು ಮೀಟರ್ ಏರಿದ ಹಾಗೆ. ಓಡಬಹುದು, ಜಿಗಿಯಬಹುದು, ಗಾಳಿಯಲ್ಲಿ ಒಂದೇ ಒಂದು ಸಲ ಮುನ್ನುಗ್ಗಬಹುದು. ನುಗ್ಗಿದ ಕೂಡಲೇ ಕೂದಲು ನೀಲಿಯಾಗುತ್ತದೆ. ಕಾಲು ನೆಲಕ್ಕೆ ತಾಗಿದರೆ ಮತ್ತೆ ಕೆಂಪು. ಆಟದ ವ್ಯಾಕರಣ ಇಷ್ಟೇ. ಅದನ್ನೂ ಯಾರೂ ಹೇಳಿಕೊಡುವುದಿಲ್ಲ, ಬಿದ್ದು ಕಲಿಯಬೇಕು.

ಇಂಥ ಆಟ ಕಂಡಾಗ ನನ್ನ ವಯಸ್ಸಿನವರಿಗೆ ನೆನಪಾಗುವುದು ತೊಂಬತ್ತರ ದಶಕದ ಟಿವಿ ಗೇಮ್. ಪಕ್ಕದ ಮನೆಯ ಹಜಾರ, ಬಾಯಿಂದ ಊದಿ ಊದಿ ಸಿಕ್ಕಿಸುತ್ತಿದ್ದ ಕ್ಯಾಸೆಟ್, ಸಾಲಾಗಿ ಕೂತ ಆರು ಮಕ್ಕಳು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಮೂರು ಜೀವ ಕೊಡುತ್ತಿತ್ತು. ಮೂರೂ ಮುಗಿದರೆ ರಿಮೋಟ್ ಮುಂದಿನವರ ಕೈಗೆ ಹೋಗುತ್ತಿತ್ತು. ಆಗ ಸಾವು ಎಂದರೆ ಸರದಿ ಕಳೆದುಕೊಳ್ಳುವುದು. ಅರ್ಧ ಗಂಟೆ ಕಾದು ಅರ್ಧ ನಿಮಿಷದಲ್ಲಿ ಎದ್ದುಹೋದ ಅವಮಾನ ನೆನಪಿನಲ್ಲಿ ಮಾತ್ರ ಸಿಹಿ.

‘ಸೆಲೆಸ್ಟ್’ ನೋಡಲು ಆ ಕಾಲದ್ದೇ. ಆದರೆ ಅದು ಓಡುವ ‘ಪಿಕೋ-8’ ಎಂಬ ಯಂತ್ರ ಆ ಕಾಲದಲ್ಲಿ ಇರಲೇ ಇಲ್ಲ. ಅದು ಜೋಸೆಫ್ ವೈಟ್ ಕಲ್ಪಿಸಿ ಸಾಫ್ಟ್‌ವೇರಿನಲ್ಲಿ ಕಟ್ಟಿದ ಯಂತ್ರ. ಉದ್ದಗಲ 128 ಚುಕ್ಕಿ, ಬಣ್ಣ 16, ಒಂದು ಆಟಕ್ಕೆ 32 ಕಿಲೋಬೈಟ್ ಜಾಗ. ಈ ಬಡತನ ಯಾರೂ ಹೇರಿದ್ದಲ್ಲ, ಬೇಕೆಂದೇ ಆರಿಸಿಕೊಂಡದ್ದು. ಕಂದಪದ್ಯ ಬರೆಯಲು ಕೂತವರು 64 ಮಾತ್ರೆಗಳ ಮಿತಿಯನ್ನು ಒಪ್ಪಿಕೊಂಡೇ ಕೂರುತ್ತಾರಲ್ಲ, ಹಾಗೆ. ಮಿತಿ ಗಟ್ಟಿಯಾದಷ್ಟೂ ಅದರೊಳಗೆ ಏನು ಉಳಿಸಿಕೊಂಡರು, ಏನು ಬಿಟ್ಟರು ಎಂಬುದು ಎದ್ದು ಕಾಣುತ್ತದೆ.

ಇವರು ಉಳಿಸಿಕೊಂಡದ್ದು ಏನು? ಪಿಕೋ-8ರಲ್ಲಿ ಆಟದ ಜೊತೆಗೆ ಅದರ ಕೋಡನ್ನೂ ಓದಬಹುದು. ಓದಿದೆ. ಅಲ್ಲಿ ‘ಗ್ರೇಸ್’ ಎಂಬ ಹೆಸರಿನ ಒಂದು ಅಂಕಿ ಇದೆ, ಬೆಲೆ ಆರು. ಕಟ್ಟೆಯ ಅಂಚು ದಾಟಿ ಕಾಲು ಗಾಳಿಯಲ್ಲಿದ್ದರೂ ಆರು ಫ್ರೇಮುಗಳ ತನಕ, ಅಂದರೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ, ನೀವಿನ್ನೂ ನೆಲದ ಮೇಲಿದ್ದೀರಿ ಎಂದೇ ಆಟ ನಂಬಿಕೊಳ್ಳುತ್ತದೆ, ಜಿಗಿಯಲು ಬಿಡುತ್ತದೆ. ನೆಲ ಮುಟ್ಟುವ ಕೊಂಚ ಮೊದಲೇ ಅವಸರದಲ್ಲಿ ಕೀ ಒತ್ತಿದರೂ ನೆನಪಿಟ್ಟುಕೊಂಡು ಜಿಗಿಸುತ್ತದೆ. ಮುಳ್ಳಿನ ಕಡೆಗೆ ಹೋಗುತ್ತಿದ್ದರೆ ಮಾತ್ರ ಮುಳ್ಳು ಕೊಲ್ಲುತ್ತದೆ. ಅದರಿಂದ ದೂರ ಸರಿಯುತ್ತಿರುವಾಗ ತಾಗಿದರೆ ಬಿಟ್ಟುಕೊಡುತ್ತದೆ. ಸತ್ತರೆ ಅರೆಕ್ಷಣದಲ್ಲಿ ಅದೇ ಪರದೆಯ ಬುಡದಲ್ಲಿ ಮತ್ತೆ ಹುಟ್ಟು. ಜೀವಗಳ ಲೆಕ್ಕ ಇಲ್ಲವೇ ಇಲ್ಲ.

ನನಗೆ ಸಿಟ್ಟು ಬಾರದ ಗುಟ್ಟು ಇಲ್ಲಿದೆ. ಆಡುವವರಿಗೆ ಈ ಉಪಕಾರ ಕಾಣುವುದೇ ಇಲ್ಲ. ದಾಟಿದಾಗ ‘ನಾನೇ ದಾಟಿದೆ’ ಅನಿಸುತ್ತದೆ, ಬಿದ್ದಾಗ ‘ನನ್ನದೇ ತಪ್ಪು’ ಅನಿಸುತ್ತದೆ. ಕೈ ಹಿಡಿದದ್ದು ಗೊತ್ತಾಗದ ಹಾಗೆ ಕೈ ಹಿಡಿಯುವುದು ಸಣ್ಣ ಕೆಲಸವಲ್ಲ.

ಆದ್ದರಿಂದ ಇದನ್ನು ‘ಹಳೇ ಶೈಲಿಯ ಆಟ’ ಎಂದು ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಇದು ಹಳೆಯ ಆಟಗಳ ರೂಪವನ್ನು ಇಟ್ಟುಕೊಂಡು ಅವುಗಳ ನಿಷ್ಠುರತೆಯನ್ನು ಕೈಬಿಟ್ಟಿದೆ. ಹಳೆಯದನ್ನು ಪ್ರೀತಿಸುವುದಕ್ಕೂ ಹಳೆಯದನ್ನು ನಕಲು ಮಾಡುವುದಕ್ಕೂ ಇರುವ ವ್ಯತ್ಯಾಸ ಇದೇ. ಹಳಗನ್ನಡದ ಛಂದಸ್ಸನ್ನು ಇಂದು ಎತ್ತಿಕೊಳ್ಳುವವರಿಗೂ ಈ ಪ್ರಶ್ನೆ ತಪ್ಪಿದ್ದಲ್ಲ: ಲಯದ ಜೊತೆಗೆ ಆ ಕಾಲದ ಲೋಕದೃಷ್ಟಿಯನ್ನೂ ಹೊತ್ತು ತರಬೇಕೆ?

ಹಾಗೆಂದು ಕರಡು ಪರಿಪೂರ್ಣವಲ್ಲ. ಓರೆಯಾಗಿ ನುಗ್ಗಲು ಎರಡು ಬಾಣದ ಕೀ ಮತ್ತು ಇನ್ನೊಂದು ಕೀ ಒಟ್ಟಿಗೆ ಒತ್ತಬೇಕು. ಬೆರಳು ಚುರುಕಿಲ್ಲದವರಿಗೆ, ಕೈ ನಡುಗುವವರಿಗೆ ಆ ಆರು ಫ್ರೇಮು ಯಾವ ಮೂಲೆಗೂ ಸಾಲದು. ಇಲ್ಲಿನ ಕರುಣೆ ಒಂದು ಬಗೆಯ ಕೈಗಳನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡದ್ದು. ಪೂರ್ಣ ಆಟದಲ್ಲಿ ವೇಗ ತಗ್ಗಿಸುವ, ಸಾವನ್ನೇ ತೆಗೆದುಹಾಕುವ ‘ಅಸಿಸ್ಟ್ ಮೋಡ್’ ಬಂತು. ಕರಡಿನಲ್ಲಿ ಬಿಟ್ಟುಹೋದದ್ದು ಮಾಡಿದವರಿಗೂ ಕಂಡಿರಬೇಕು.

ಅರ್ಧ ದಾರಿಗೆ ಕೊಂಚ ಮೊದಲು ಒಂದು ಸ್ಮಾರಕದ ಕಲ್ಲು ಸಿಗುತ್ತದೆ. ಹತ್ತುವಾಗ ಸತ್ತವರ ನೆನಪಿಗೆ ಎಂದು ಅದರ ಮೇಲಿದೆ. ದಾರಿಯಲ್ಲಿ ಕಥೆ ಎಂದು ಸಿಗುವ ಬರಹ ಅದೊಂದೇ. ಅದರ ಮುಂದೆ ನಿಂತಾಗ ಅಲ್ಲಿಯವರೆಗಿನ ನನ್ನ ಸಾವುಗಳೆಲ್ಲ ಒಮ್ಮೆಲೇ ತಮಾಷೆಯಾಗಿ ಉಳಿಯಲಿಲ್ಲ.

ಎರಡನೇ ಸಂಜೆ ತುದಿ ಮುಟ್ಟಿದೆ. ಅಲ್ಲಿ ಒಂದು ಬಾವುಟ, ಅದರ ಬಳಿ ಲೆಕ್ಕ: ಕಿತ್ತ ಹಣ್ಣೆಷ್ಟು, ಹಿಡಿದ ಹೊತ್ತೆಷ್ಟು, ಸತ್ತದ್ದೆಷ್ಟು. ನನ್ನದು 412. ಪಕ್ಕದ ಮನೆಯ ಹಜಾರದಲ್ಲಾಗಿದ್ದರೆ ನಾನು ನೂರಕ್ಕೂ ಹೆಚ್ಚು ಸಲ ಎದ್ದುಹೋಗಿ ಮತ್ತೆ ಸರದಿಗೆ ಕಾಯಬೇಕಿತ್ತು.