ಚಿಲಕ ಇರುವುದು ಒಳಗೆ

  ಗಂಡು ಮಂಗಟ್ಟೆ ಹಕ್ಕಿ ಹೆಂಡತಿಯನ್ನು ಪೊಟರೆಯಲ್ಲಿ ಕೂಡಿಹಾಕುತ್ತದೆ ಎಂಬ ಕಥೆ ಮತ್ತೆ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಒಂದು ಪಂಗಡಕ್ಕೆ ಅವನು ಏಕಪತ್ನೀವ್ರತಸ್ಥ ಶ್ರೀರಾಮ, ಇನ್ನೊಂದಕ್ಕೆ ಜೈಲರು.

ದೊಡ್ಡ ಮಂಗಟ್ಟೆಯಲ್ಲಿ ಬಾಗಿಲು ಮುಚ್ಚುವುದು ಹೆಚ್ಚಾಗಿ ಹೆಣ್ಣೇ. ಒಳಗೆ ಕೂತು ತನ್ನ ಹಿಕ್ಕೆಗೆ ಹಣ್ಣಿನ ಚರಟ ಬೆರೆಸಿ ಕೊಕ್ಕಿನ ಪಕ್ಕದಿಂದ ಬಡಿಬಡಿದು ಮೆತ್ತುತ್ತಾಳೆ. ಒಣಗಿದರೆ ಗಾರೆ. ಕೊನೆಗೆ ಉಳಿಯುವುದು ಕೊಕ್ಕು ತೂರುವಷ್ಟು ಉದ್ದುದ್ದ ಸೀಳು. ಆಮೇಲೆ ರೆಕ್ಕೆಯ ಗರಿ ಉದುರಿಸಿಕೊಂಡು ಕೂರುತ್ತಾಳೆ. ಮೊಟ್ಟೆ ಒಂದೋ ಎರಡೋ, ಕಾವು ಸುಮಾರು 40 ದಿನ. ಗಂಡು ಗಂಟಲಲ್ಲಿ ತುಂಬಿ ತಂದ ಹಣ್ಣುಗಳನ್ನು ಒಂದೊಂದಾಗಿ ಕಕ್ಕಿ ಸೀಳಿಗೆ ಹಿಡಿಯುತ್ತದೆ. ಮರಿ ಒಂದಿಷ್ಟು ಬೆಳೆದ ಮೇಲೆ ತಾಯಿ ಗಾರೆ ಒಡೆದು ಹೊರಬರುತ್ತಾಳೆ. ಮರಿಯೋ, ಒಳಗಿನಿಂದ ತಾನೇ ಮತ್ತೆ ಮೆತ್ತಿಕೊಳ್ಳುತ್ತದೆ! ಇನ್ನು ಜೈಲರ್ ಯಾರು ಹೇಳಿ.

ಗೂಡು ಹುಡುಕಲು ತಲೆ ಎತ್ತಬೇಕಿಲ್ಲ. ಹಿಕ್ಕೆಯನ್ನು ಸೀಳಿನಿಂದಲೇ ಹೊರಕ್ಕೆ ಚಿಮ್ಮಿಸುವುದು ಅವಳ ಶಿಸ್ತು. ಬುಡದಲ್ಲಿ ರಾಮಪತ್ರೆ, ಧೂಪದ ಬೀಜಗಳ ರಾಶಿ, ಹಳೆಯ ಗೂಡಾದರೆ ಅವುಗಳದೇ ಸಸಿಗಳು. ಕ್ಯಾಮೆರಾದವರು ಇಷ್ಟನ್ನು ನೋಡಿ ಹಿಂದಿರುಗಿದರೆ ಸಾಕಿತ್ತು. ಮರೆ ಕಟ್ಟಿಕೊಂಡು ಬಾಗಿಲೆದುರೇ ಠಿಕಾಣಿ ಹೂಡಿದರೆ ಗಂಡು ಹಣ್ಣು ಹೊತ್ತುಕೊಂಡು ಪಕ್ಕದ ಮರದಲ್ಲಿ ಕಾಯುತ್ತದೆ, ಒಳಗೆ ಹಸಿವು.

ಅಷ್ಟು ದಪ್ಪ ಕೊಕ್ಕಿದ್ದೂ ಮರ ಕೊರೆಯಲು ಮಂಗಟ್ಟೆಗೆ ಬಾರದು. ಟೊಂಗೆ ಮುರಿದು ಕೊಳೆತು ಪೊಟರೆಯಾದ ಮುದಿಮರವೇ ಬೇಕು. ಟಿಂಬರಿನವರ ಲೆಕ್ಕದಲ್ಲಿ ಅದು ದಂಡದ ಮರ.

ಗೂಡೇ ಕಾಣದೆ ಬಾಳಿದ ಮಂಗಟ್ಟೆಯೂ ಒಂದಿತ್ತು. ಹೆಸರು ವಿಲಿಯಂ. 1894ರಲ್ಲಿ ಕಾರವಾರದಿಂದ ಮರಿಯಾಗಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿ, ಅಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ ಮಿಲ್ಲಾರ್ಡ್ ಸಾಹೇಬರ ಕುರ್ಚಿಯ ಹಿಂದಿನ ಪಂಜರದಲ್ಲಿ 26 ವರ್ಷ ಕಳೆಯಿತು. ಸೊಸೈಟಿಯ ಲಾಂಛನದಲ್ಲಿರುವುದು ಅದೇ. ಒಮ್ಮೆ ಉರಿಯುವ ಸಿಗಾರನ್ನೇ ನುಂಗಿ ಅರಗಿಸಿಕೊಂಡಿತ್ತಂತೆ. 1920ರಲ್ಲಿ ಸತ್ತದ್ದು ತಂತಿ ನುಂಗಿ ಎಂಬುದು ಜನರ ಮಾತು. ಪಕ್ಷಿತಜ್ಞ ಕಿನ್ನಿಯರ್ ಮಾತ್ರ, ಹಳೆಯ ಗೆಳೆಯ ಮಿಲ್ಲಾರ್ಡ್ ಬಿಟ್ಟುಹೋದ ಕೊರಗೇ ಕಾರಣ ಎಂದು ಬರೆದರು. ಕಿನ್ನಿಯರ್ ದೊಡ್ಡವರು. ಆದರೂ ನನ್ನ ವೋಟು ತಂತಿಗೆ.